ರಾಣಿ ಗುಬ್ರಾಳ ಉಪ್ಪಿನ ಸೊಳೆ

ನನಗೆ ಕಲ್ಪನಾಶಕ್ತಿ ಇದೆ ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ವರ್ಷಕ್ಕೊಮ್ಮೆ ಆಫೀಸಿನಲ್ಲಿ ನನ್ನ ಸಾಧನೆಗಳ ಬಗ್ಗೆ ನಾನೇ ಎರಡು ಪುಟ ಬರೆದುಕೊಡುತ್ತೇನೆ. ಇಲ್ಲದ್ದನ್ನು ಇದೆ ಎಂದು ಬರೆಯುವುದರಲ್ಲಿ ಕೈ ಪಳಗಿದವನು ನಾನು!

ಪುಣೆಯ ಖರಾಡಿಯ ಆ ಆಫೀಸಿಗೆ ನಾನು ಹೊಸಬ. ಸುತ್ತ ಇದ್ದವರೆಲ್ಲ ನನಗಿಂತ ಹದಿನೈದು ವರ್ಷ ಚಿಕ್ಕವರು. ಮಧ್ಯಾಹ್ನ ಅವರೆಲ್ಲ ಒಂದು ಮೇಜಿಗೆ ಕೂತರೆ ನಾನು ಕಂಬದ ಪಕ್ಕದ ಮೇಜಿಗೆ. ಅವರಲ್ಲಿ ಅಮೇಯ, ತನ್ವಿ ಮತ್ತಿಬ್ಬರು ಶನಿವಾರ ಸಂಜೆ ಒಂದು ಆಟ ಆಡುತ್ತಿದ್ದರು. ಬೋರ್ಡಿಲ್ಲ, ಇಸ್ಪೀಟ್ ಎಲೆಯಿಲ್ಲ, ಬರೀ ದಾಳ ಮತ್ತು ಮಾತು. ಅಮೇಯ "ನಿಮ್ಮ ಬಾಹ್ಯಾಕಾಶ ನೌಕೆ ಒಂದು ಹೊಸ ಗ್ರಹದಲ್ಲಿ ಇಳಿಯಿತು" ಎಂದು ಕಥೆ ಶುರು ಮಾಡುತ್ತಾನೆ. ಉಳಿದವರು ಒಬ್ಬ ಕ್ಯಾಪ್ಟನ್, ಒಬ್ಬ ಡಾಕ್ಟರ್ ಆಗಿ, ತಾವು ಏನು ಮಾಡುತ್ತೇವೆ ಎಂದು ಹೇಳುತ್ತಾ ಹೋಗುತ್ತಾರೆ. ನಾನೂ ಸೇರುತ್ತೇನೆ ಎಂದೆ. ನನ್ನ ಮುಖ ನೋಡಿ ನೌಕೆಯ ಅಡುಗೆಭಟ್ಟನ ಪಾತ್ರ ಕೊಟ್ಟರು. ಮುಂದಿನ ಗ್ರಹದ ತಿಂಡಿ ತಿನಿಸುಗಳನ್ನೂ ನಾನೇ ಸೃಷ್ಟಿಸಬೇಕು ಎಂದರು.

ಅದೆಷ್ಟರ ಕೆಲಸ! ನಾನು ಒಂದು ವಾರ ಗಹನವಾಗಿ ಚಿಂತಿಸಿ, ಶನಿವಾರ ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಆ ಗ್ರಹದಲ್ಲಿ ಜನ ನೀಲಿ ದೋಸೆ ತಿನ್ನುತ್ತಾರೆ."

ಅಮೇಯ ಕೈಯಲ್ಲಿದ್ದ ದಾಳ ಕೆಳಗಿಟ್ಟ.

"ಕಾಯ್ ದಾದಾ, ನುಸ್ತಾ ಡೋಸಾ ನಿಳಾ ಕೇಲಾ!" ಎಂದಳು ತನ್ವಿ. ದೋಸೆಗೆ ಬರೀ ನೀಲಿ ಬಣ್ಣ ಬಳಿದಿರಲ್ಲ ಎಂದು. ಎಲ್ಲರೂ ನಕ್ಕರು. ಸೋಮವಾರ ನಾನು ಮತ್ತೆ ಕಂಬದ ಪಕ್ಕ.

ನಡುವಿನ ಆ ಭಾನುವಾರವೇ ಅತ್ತೆಮನೆಗೆ ಹೋಗಬೇಕಾಗಿ ಬಂದದ್ದು ನನ್ನ ಗ್ರಹಚಾರ. ನನ್ನ ಹೆಂಡತಿ ಶುಭಾಳ ತವರು ಚಿಂಚವಾಡದಲ್ಲಿದೆ. ಉಡುಪಿ ಕಡೆಯವರು. ಮಾವ ಅಲ್ಲಿ ಹೋಟೆಲು ನಡೆಸುತ್ತಾರೆ. ಆದರೆ ಮನೆಯ ಅಡುಗೆ ಅತ್ತೆಯದೇ. ಅವರು ಅಡುಗೆಮನೆಯ ಮೂಲೆಯಿಂದ ಒಂದು ಭರಣಿ ಎಳೆದು ಮುಚ್ಚಳ ತೆಗೆದರು. ಒಳಗೆ ಉಪ್ಪಿನ ಸೊಳೆ. ಬಲಿತ ಹಲಸಿನಕಾಯಿಯ ತೊಳೆಗಳನ್ನು ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಇಟ್ಟದ್ದು. ಹಳದಿ ಹಳದಿಯಾಗಿ, ಮಡಚಿಕೊಂಡು, ನೀರಲ್ಲಿ ತೇಲುತ್ತಿದ್ದವು. ವಾಸನೆ ಪಡಸಾಲೆಯವರೆಗೆ ಬಂತು. ನಾನು ಮಂಡ್ಯ ಕಡೆಯವನು. ಮದುವೆಯಾದಾಗಿನಿಂದ ಅದರ ಪಲ್ಯವನ್ನು "ಬಹಳ ಚೆನ್ನಾಗಿದೆ" ಎಂದು ಹೇಳುತ್ತಾ ನುಂಗಿದವನು. ಅಂದು ಮಾತ್ರ ನನ್ನ ತಲೆಯಲ್ಲಿ ದೀಪ ಹತ್ತಿತು!

ಮುಂದಿನ ಶನಿವಾರ ನನ್ನ ಗ್ರಹಕ್ಕೆ ಹೊಸ ಆಹಾರ ಬಂತು: 'ಕೈದಿಗಳ ಕಿವಿ'. ಗುಬ್ರಾ ಎಂಬ ರಾಣಿ ಸೋತವರ ಕಿವಿಗಳನ್ನು ಉಪ್ಪುನೀರಿನಲ್ಲಿಟ್ಟು ಮಳೆಗಾಲಕ್ಕೆ ತಿನ್ನುತ್ತಾಳೆ. ಎಲ್ಲರೂ ಮೇಜು ಬಡಿದು ಕಿರುಚಿದರು! ಅತ್ತೆ ಬೆಲ್ಲ ಹಾಕಿ ಕಾಯಿಸಿ ತಟ್ಟೆಯಲ್ಲಿ ಆರಿಸುವ ರಾಗಿ ಮಣ್ಣಿ 'ಇನ್ನೂ ಜೀವವಿರುವ ನಡುಗುವ ಕೆಸರು' ಆಯಿತು. ಮಾವಿನ ರಸವನ್ನು ಬಿಸಿಲಲ್ಲಿ ಒಣಗಿಸಿದ ಮಾಂಬಳ 'ಹಿರಿಯರ ಚರ್ಮ' ಆಯಿತು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ತಿಂಡಿಗೇ ನಿಲ್ಲುವುದುಂಟೇ? ರಾಣಿಯನ್ನು ಅಭಿನಯಿಸಿಯೂ ತೋರಿಸಿದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ತಲೆ ಒಂದು ಕಡೆ ವಾಲಿಸಿ, ಸೌಟು ಹಿಡಿದು "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ" ಎನ್ನುತ್ತಾ ಬರುತ್ತಾಳೆ. ಬೇಡ ಎಂದವನ ಕಿವಿ ಭರಣಿಗೆ!

ಆಫೀಸಿನಲ್ಲಿ ಈಗ ನನಗೆ ಮೇಜಿನ ನಡುವೆ ಜಾಗ. ಕಾರಿಡಾರಿನಲ್ಲಿ ಎದುರಾದವರು "ಇನ್ನೊಂದು ಸ್ವಲ್ಪ!" ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಪುಣೆಯಲ್ಲಿ ಕನ್ನಡದ ಸೇವೆ ಇಷ್ಟು ಚೆನ್ನಾಗಿ ಯಾರು ಮಾಡಿದ್ದಾರೆ?

ನಾನು ಶಿಳ್ಳೆ ಹೊಡೆಯುತ್ತಾ ಮನೆಗೆ ಬರುವುದನ್ನು ಶುಭಾ ಗಮನಿಸಿದಳು.

"ನಿಮಗೆ ಸ್ನೇಹಿತರು ಸಿಕ್ಕಿದ್ದು ನನಗೆ ಖುಷಿ ಆಯ್ತು ಮಾರಾಯ್ರೆ. ಒಂದು ದಿನ ಊಟಕ್ಕೆ ಕರೀರಿ."

"ಬೇಡ ಬಿಡು, ಅವರೆಲ್ಲ ಪಿಜ್ಜಾ ತಿನ್ನೋರು."

"ಕರ್ದಾಗಿದೆ. ಮೊನ್ನೆ ಅಮೇಯ ಫೋನ್ ಮಾಡಿದ್ದ, ನೀವು ಸ್ನಾನಕ್ಕೆ ಹೋಗಿದ್ರಿ. ಅಡುಗೆಗೆ ಅಮ್ಮ ಬರ್ತಾರೆ."

ಅಮ್ಮ ಬಂದರು. ಚಿಂಚವಾಡದಿಂದ ಮಗರಪಟ್ಟಾದ ನಮ್ಮ ಮನೆಗೆ, ಎರಡು ಬಸ್ಸು ಬದಲಾಯಿಸಿ, ತೊಡೆಯ ಮೇಲೆ ಭರಣಿ ಇಟ್ಟುಕೊಂಡು. ಅಳಿಯನ ಸ್ನೇಹಿತರಿಗೆ ಹೋಟೆಲಿನ ಊಟ ಹಾಕಬಾರದಂತೆ! ಭರಣಿಯನ್ನು ಮಂಚದ ಕೆಳಗೆ ತಳ್ಳಿದೆ. ಅವರು ಹುಡುಕಿ ತೆಗೆದರು. ಆಫೀಸಿನವರಿಗೆ ಹೊಟ್ಟೆನೋವು, ಬರುವುದಿಲ್ಲ ಎಂದೆ. ಆಗಲೇ ಬಾಗಿಲ ಗಂಟೆ ಮೊಳಗಿತು.

ತನ್ವಿ ಸಹಾಯಕ್ಕೆಂದು ನೇರ ಅಡುಗೆಮನೆಗೆ ನುಗ್ಗಿದಳು. ಒಳಗಿನಿಂದ ಒಂದು ಚೀತ್ಕಾರ.

"ಕೈದ್ಯಾಂಚೇ ಕಾನ್!"

ಎಲ್ಲರೂ ಓಡಿದರು. ಕೈದಿಗಳ ಕಿವಿ! ತಟ್ಟೆಯಲ್ಲಿ ನಡುಗುವ ಕೆಸರು! ಅವರು ತಿಳಿದದ್ದು ಏನೆಂದರೆ, ನಾನು ಆಟಕ್ಕಾಗಿ ಇಷ್ಟನ್ನೂ ಮಾಡಿಸಿದ್ದೇನೆ ಎಂದು. ಅಮೇಯ ನನ್ನ ಬೆನ್ನು ತಟ್ಟಿದ. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಕಣ್ಣಿಗೇನೋ ಬಿದ್ದಿದೆ ಎಂದುಕೊಂಡ.

ಊಟಕ್ಕೆ ಕೂತರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ತಲೆ ವಾಲಿಸಿ, ಸೌಟು ಹಿಡಿದು ಬಂದು, ಅಮೇಯನ ತಟ್ಟೆಯ ಮೇಲೆ ಬಾಗಿ ಪ್ರೀತಿಯಿಂದ ಅಂದರು:

"ಇನ್ನೊಂದು ಸ್ವಲ್ಪ?"

ನಾಲ್ವರೂ ಎದ್ದು ನಿಂತು ನಡು ಬಗ್ಗಿಸಿದರು. "ರಾಣಿ ಗುಬ್ರಾ!"

ಅತ್ತೆ ಪುಣೆಗೆ ಬಂದು ಒಂದು ತಲೆಮಾರೇ ಕಳೆದಿದೆ. ಮರಾಠಿ ಅವರಿಗೆ ನೀರು ಕುಡಿದ ಹಾಗೆ. "ಹೀ ರಾಣೀ ಕೋಣ್ ರೇ ಬಾಳಾ?" ಎಂದು ಕೇಳಿದರು, ಯಾರಪ್ಪಾ ಈ ರಾಣಿ ಎಂದು. ಅಮೇಯ ಒಳ್ಳೆಯ ಹುಡುಗ. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡುವವನು. ಕಿವಿ, ಕೆಸರು, ಚರ್ಮ, ಒಂದನ್ನೂ ಬಿಡದೆ ಹೇಳಿದ. ರಾಣಿಯಾಗಿ ನಾನು ನಡೆದ ನಡಿಗೆಯನ್ನೂ ನಡೆದು ತೋರಿಸಿದ. ಅರ್ಧ ನಡೆದವನು ಅತ್ತೆಯ ಸೆರಗು ನೋಡಿ ನಿಂತ. ಅವನಿಗೆ ಅರ್ಥವಾಯಿತು. ಎಲ್ಲರಿಗೂ ಆಯಿತು.

ಅತ್ತೆ ಬಡಿಸುವುದನ್ನು ನಿಲ್ಲಿಸಲಿಲ್ಲ. ಒಬ್ಬೊಬ್ಬರಿಗೂ ಬಡಿಸುತ್ತಾ ನನ್ನ ತಟ್ಟೆಯ ಬಳಿ ಬಂದರು. ಸೌಟು ಹಿಂದಕ್ಕೆ ತೆಗೆದರು.

"ಇಷ್ಟು ವರ್ಷ ಚೆನ್ನಾಗಿದೆ ಅಂದದ್ದು ಸುಳ್ಳಾ?"

"ಅದು ಸಾಹಿತ್ಯ ಅತ್ತೆ... ಕಲ್ಪನೆ..." ಎಂದೆ.

"ಸುಳ್ಳಿಗೆ ನಿಮ್ಮ ಕಡೆ ಹಾಗೆ ಹೇಳುದಾ?" ಎಂದು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು. ಬಹಳ ಹೊತ್ತು ನಿಲ್ಲಲಿಲ್ಲ. ತೊಳೆಯಲು ಅಲ್ಲಿ ಪಾತ್ರೆಗಳೇನೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಶುಭಾ ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕುತ್ತಿದ್ದೆ.

"ನಿಮ್ಮಮ್ಮನ ಮುದ್ದೆ ಆ ಗ್ರಹಕ್ಕೆ ಯಾಕೆ ಹೋಗ್ಲಿಲ್ಲ? ಉಂಡೆ ಕಟ್ಟಿ, ಜಗಿಯದೆ ಗುಳುಂ ಅಂತ ನುಂಗುದು. ಅದು ವಿಚಿತ್ರ ಅಲ್ವಾ?"

"ಅದು ಊಟ ಕಣೆ!" ಬಾಯಿ ತಪ್ಪಿ ಬಂದುಬಿಟ್ಟಿತು.

"ಹೌದಾ? ನಮ್ದು ಎಂತ ಹಾಗಾದ್ರೆ?"

ನನ್ನ ಸುಪ್ರಸಿದ್ಧ ಕಲ್ಪನಾಶಕ್ತಿಯನ್ನು ಆ ಕ್ಷಣಕ್ಕೆ ಕರೆದೆ. ಅದು ಬರಲಿಲ್ಲ. ಶುಭಾ ದಿಂಬು ತೆಗೆದುಕೊಂಡು ಅಮ್ಮ ಮಲಗಿದ್ದ ಕೋಣೆಗೆ ಹೋದಳು.

ಆಫೀಸಿನ ಕಾರಿಡಾರಿನಲ್ಲಿ ಎಲ್ಲರೂ ಫೋನು ನೋಡುತ್ತಾ ದಾಟುತ್ತಿದ್ದರು. ಶನಿವಾರ ಆಟ ರದ್ದಾಗಿದೆ ಎಂದ ಅಮೇಯ. ಮುಂದಿನ ಶನಿವಾರವೂ ರದ್ದು ಎಂದ. ಅತ್ತೆಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಆಯ್ತು, ಕುಕ್ಕರ್ ಇಟ್ಟಿದ್ದೇನೆ" ಎಂದು ಫೋನ್ ಇಟ್ಟರು. ಯಾವಾಗ ಮಾಡಿದರೂ ಕುಕ್ಕರ್ ಇಟ್ಟಿರುತ್ತಿದ್ದರು.

ರದ್ದಾದ ಆಟ ಎಲ್ಲಿ ನಡೆಯುತ್ತಿದೆ ಎಂದು ನನಗೆ ತಿಳಿದದ್ದು ಶುಭಾಳಿಂದ, ಅದೂ ಅವಳು ಮಾತಾಡಲು ಶುರು ಮಾಡಿದ ಮೇಲೆ. ಆ ನಾಲ್ವರೂ ಕ್ಷಮೆ ಕೇಳಲು ಚಿಂಚವಾಡಕ್ಕೆ ಹೋಗಿದ್ದರಂತೆ. ಅತ್ತೆ ಊಟ ಹಾಕಿದರಂತೆ. ಸೊಳೆಯ ಪಲ್ಯವನ್ನು ಮೂರು ಸಲ ಕೇಳಿ ಹಾಕಿಸಿಕೊಂಡರಂತೆ. ಈಗ ಶನಿವಾರದ ಆಟ ಅಲ್ಲೇ. ಗ್ರಹಗಳ ಅಡುಗೆಯೆಲ್ಲ ಅತ್ತೆಯದು. ಹಳೆಯ ಭಟ್ಟನನ್ನು ನೌಕೆಯಿಂದ ಇಳಿಸಿದ್ದಾರೆ.

"ಅಮ್ಮ ಒಂದು ಪ್ರಾಣಿಯನ್ನೂ ಮಾಡಿ ಕೊಟ್ಟಿದ್ದಾರೆ," ಎಂದಳು ಶುಭಾ, ಬಟ್ಟೆ ಮಡಚುತ್ತಾ. "ಬಡಿಸಿದ್ದೆಲ್ಲ ತಿಂತದೆ. ಎದುರಿಗೆ ಹೊಗಳ್ತದೆ. ಹೊರಗೆ ಹೋಗಿ ಕಕ್ತದೆ."

"ಹೆಸರೇನು ಅದಕ್ಕೆ?"

"ಅಳಿಯ. ಹುಡುಗರಿಗೆ ಭಾರೀ ಇಷ್ಟ ಆಯ್ತಂತೆ. ಏಲಿಯನ್ನಿಗೆ ಸರಿಯಾದ ಹೆಸರು ಅಂದ್ರಂತೆ."

"ಆಮೇಲೆ?"

"ಆಮೇಲೆ ಎಂತ? ಹೋದ ಶನಿವಾರ ಎಲ್ರೂ ಸೇರಿ ಅದನ್ನು ಹೊಡೆದು ಕೊಂದ್ರಂತೆ. ಅಮ್ಮ ಪಾಯಸ ಮಾಡಿದ್ರಂತೆ."

ಯಾವ ಪಾಯಸ ಎಂದು ಕೇಳಲು ಬಾಯಿಗೆ ಬಂತು. ಸತ್ತವರು ಅದನ್ನೆಲ್ಲ ಕೇಳಬಾರದು ಎಂದು ಸುಮ್ಮನಾದೆ!