ತಾಲೂಕು ಬೋರ್ಡಿನಲ್ಲಿ ನಮ್ಮಜ್ಜನ ಒಂದು ವರ್ಷ

ಕುವೈತಿನ ನಮ್ಮ ಕನ್ನಡ ಬಳಗದ ಅಧ್ಯಕ್ಷ ಪದವಿಗೆ ನನಗಿಂತ ಯೋಗ್ಯರಿಲ್ಲ ಎಂಬುದು ನಾವಿರುವ ಇಡೀ ಮಹಬೂಲಾ ಬಡಾವಣೆಯಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ನನಗೆ! ಉಳಿದವರಿಗೂ ತಿಳಿಸಬೇಕಲ್ಲ? ಅದಕ್ಕೇ ಚುನಾವಣೆಯ ದಿನ, ಮತದಾನಕ್ಕೆ ಮೊದಲು, ನನ್ನದೇ ಒಂದು ಉಪನ್ಯಾಸ ಇಟ್ಟುಕೊಂಡೆ. ವಿಷಯ: ಎರಡು ಮಹಾಯುದ್ಧಗಳ ನಡುವೆ ನಮ್ಮ ತಾಲೂಕು ಬೋರ್ಡಿನ ಒಂದು ವರ್ಷ. ಆ ವರ್ಷ ಬೋರ್ಡಿನಲ್ಲಿ ನಮ್ಮಜ್ಜ ಸದಸ್ಯರಾಗಿದ್ದರು.

ಊರಿನಿಂದ ಚಿಕ್ಕಪ್ಪ ಬೋರ್ಡಿನ ನಡಾವಳಿ ಪುಸ್ತಕದ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಮೊದಲ ಪುಟದಲ್ಲೇ ಅಜ್ಜನ ಹೆಸರು, ಅದರ ಮುಂದೆ ‘ಶ್ರೀಯುತ’! ಇನ್ನೇನು ಓದಬೇಕು?

“ಉಳಿದದ್ದನ್ನೂ ಒಮ್ಮೆ ಓದಿ ಮಾರಾಯ್ರೆ,” ಎಂದಳು ಹೆಂಡತಿ ಸುಜಾತಾ.

“ಸಾರ್ವಜನಿಕ ಸೇವೆ ನಮ್ಮ ರಕ್ತದಲ್ಲೇ ಉಂಟು. ಓದುವುದೆಂತ?”

“ರಕ್ತದಲ್ಲಿ ಎಂತೆಲ್ಲ ಉಂಟೂಂತ ನನಗೆ ಹೇಳ್ಬೇಡಿ!”

ಅವಳು ಜಾಬ್ರಿಯಾದ ಆಸ್ಪತ್ರೆಯಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡುವವಳು.

ಶುಕ್ರವಾರ ಹಾಲ್ ತುಂಬಿತ್ತು. ಮುಂದಿನ ಸಾಲುಗಳಲ್ಲಿ ನಮ್ಮ ತಾಲೂಕಿನದೇ ಪಡುಗುಡ್ಡೆ ಊರಿನವರು. ಬಳಗದ ಅರ್ಧ ಮತ ಅವರದ್ದೇ. ನಾನು ಒಂದೊಂದೇ ಪುಟವನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತ ಗಟ್ಟಿಯಾಗಿ ಓದತೊಡಗಿದೆ.

“ಎರಡನೇ ಸಭೆ. ಸರಕಾರಿ ರಸ್ತೆಯನ್ನು ತಮ್ಮ ಮನೆಯಂಗಳದವರೆಗೆ ತರತಕ್ಕದ್ದೆಂದು ಶ್ರೀಯುತರು ಸೂಚಿಸಿದರು.”

ಸಣ್ಣ ನಗು ಹಬ್ಬಿತು. ಇದಕ್ಕೆ ದೂರದೃಷ್ಟಿ ಎನ್ನುತ್ತಾರೆ ಎಂದು ವ್ಯಾಖ್ಯಾನ ಕೊಟ್ಟು ಮುಂದುವರಿದೆ.

“ಮೂರನೇ ಸಭೆ. ಪಡುಗುಡ್ಡೆಯಲ್ಲಿ ಬಾವಿ ತೋಡಿಸುವುದನ್ನು ಶ್ರೀಯುತರು ಬಲವಾಗಿ ವಿರೋಧಿಸಿದರು. ಹೊಳೆಯಿಂದ ನೀರು ಹೊರುವುದು...”

ಕೆಮ್ಮು ಬಂದವನಂತೆ ನಟಿಸಿದೆ. ಉಳಿದದ್ದನ್ನು ಪಡುಗುಡ್ಡೆಯವರೇ ಪರದೆ ನೋಡಿ ಒಕ್ಕೊರಲಿನಿಂದ ಓದಿದರು: “...ಹೆಂಗಸರ ಆರೋಗ್ಯಕ್ಕೆ ಒಳ್ಳೆಯದೆಂದು ಅಭಿಪ್ರಾಯಪಟ್ಟರು. ಬಾವಿ ನಾಮಂಜೂರು!”

“ಓಹೋ! ನಮ್ಮ ಅಜ್ಜಿ ಸಾಯುವವರೆಗೆ ಸೊಂಟ ನೋವು ಅಂತ ಅತ್ತದ್ದು ಇದಕ್ಕೆಯಾ?” ಪಡುಗುಡ್ಡೆಯ ಲಿಲ್ಲಿಬಾಯಿ ಎದ್ದು ನಿಂತರು.

ಗಾಬರಿಯಲ್ಲಿ ಪುಟ ಬದಲಿಸಿದೆ. ಅದು ಇನ್ನೂ ಕೆಟ್ಟದ್ದು! ಸತತ ಐದು ಸಭೆಗಳಿಗೆ ಬಾರದ ಕಾರಣ ಶ್ರೀಯುತರ ಸದಸ್ಯತ್ವ ರದ್ದು.

“ಪುಣ್ಯ! ಬಂದಿದ್ರೆ ಹೊಳೆಯನ್ನೂ ಮುಚ್ಚಿಸ್ತಿದ್ರು,” ಎಂದರು ಹಾಲಿ ಅಧ್ಯಕ್ಷ ಫೆಲಿಕ್ಸಣ್ಣ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಅಧ್ಯಕ್ಷನಾಗುವ ಆಸೆ ಬಿಡಬೇಕಲ್ಲ! ಕೈಮುಗಿದು, “ಅಜ್ಜನ ತಪ್ಪನ್ನು ನಾನು ತಿದ್ದುತ್ತೇನೆ. ಪಡುಗುಡ್ಡೆಯವರಿಗೆ ನನ್ನ ಕೈಯಾರೆ ನೀರು ಕೊಡುತ್ತೇನೆ!” ಎಂದುಬಿಟ್ಟೆ.

“ಆ ಕೆಲಸ ಇವರಿಗೇ ಕೊಡಬೇಕೆಂದು ಸೂಚಿಸ್ತೇನೆ,” ಎಂದರು ಲಿಲ್ಲಿಬಾಯಿ.

“ಅನುಮೋದಿಸ್ತೇನೆ,” ಎಂದಿತು ಹಿಂದಿನ ಸಾಲಿನಿಂದ ಒಂದು ಧ್ವನಿ. ನೋಡಿದರೆ ಸುಜಾತಾ! ಖಲಾಸ್.

ಫೆಲಿಕ್ಸಣ್ಣನೇ ಅಧ್ಯಕ್ಷರಾಗಿ ಮುಂದುವರಿದರು. ನಾನು ನೀರು ಹಂಚುವ ಸಮಿತಿಗೆ ಅವಿರೋಧವಾಗಿ ಆಯ್ಕೆಯಾದೆ. ಸಮಿತಿಯಲ್ಲಿ ಇರುವುದು ನಾನೊಬ್ಬನೇ. ಮೊನ್ನೆಯ ಪಿಕ್ನಿಕ್ಕಿನಲ್ಲಿ ನೀರಿನ ಪೆಟ್ಟಿಗೆ ಹೊತ್ತು, ಬೆವರಿಳಿಸುತ್ತ ಲಿಲ್ಲಿಬಾಯಿಯ ಹತ್ತಿರ ಬಂದೆ. ಒಂದು ಬಾಟಲಿ ತೆಗೆದುಕೊಂಡವರು ಮತ್ತೆ ಕೈಚಾಚಿದರು.

“ಇನ್ನೊಂದು ಕೊಡಿ. ಅದು ನಮ್ಮ ಅಜ್ಜಿಯದ್ದು.”

ಕೊಟ್ಟೆ. ತಣ್ಣಗಿದ್ದದ್ದನ್ನೇ ಹುಡುಕಿ ಕೊಟ್ಟೆ.