ರಾಜಕುಮಾರಿ ಹೆಡ್ವಿಗ್ ಅವರ ಕೆಮ್ಮಿಗೆ ಬಸೂನ್ ಊದುವವನ ಬಿನ್ನಹ

ಮಾನ್ಯ ಕೆಮ್ಮಿನವರೇ,

ಚಳಿಗಾಲ ಕಾಲಿಟ್ಟಂದಿನಿಂದ ನಮ್ಮ ದೊರೆಯ ಸೋದರತ್ತೆ ರಾಜಕುಮಾರಿ ಹೆಡ್ವಿಗ್ ಅವರ ಎದೆಗೂಡಿನಲ್ಲಿ ಬಿಡಾರ ಹೂಡಿರುವ ತಮಗೆ, ಆಸ್ಥಾನದ ವಾದ್ಯವೃಂದದಲ್ಲಿ ಬಸೂನ್ ಎಂಬ ದಪ್ಪದನಿಯ ಕೊಳವೆ ಊದುವ ಬಾಲ್ತಸಾರ್ ಕ್ವೆರ್‌ಫುರ್ಟನು ವಿಗ್ಗು ನೆಲಕ್ಕೆ ತಾಗುವಷ್ಟು ಬಾಗಿ ಸಲ್ಲಿಸುವ ವಂದನೆಗಳು.

ಕಚೇರಿಯಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ಅತಿ ಮೆಲುದನಿಯಲ್ಲಿ ನುಡಿಸುವ ಘಟ್ಟಕ್ಕೆ ಬರುವುದನ್ನೇ ಕಾದಿದ್ದು ಪ್ರವೇಶಿಸುವ ತಮ್ಮ ಕಲೆ ನಮ್ಮ ನಗಾರಿಯವನಿಗೂ ಒಲಿದಿಲ್ಲ. ಆದರೆ ತಾವು ರಾಜಕುಮಾರಿಯವರನ್ನೇ ಕರೆದುಕೊಂಡು ಹೊರಟುಬಿಟ್ಟರೆ ಗತಿಯೇನು? ರಾಜಮನೆತನದಲ್ಲಿ ಸಾವಾದರೆ, ಶವಸಂಸ್ಕಾರದ ಹಾಡೊಂದು ಬಿಟ್ಟು ವರ್ಷವಿಡೀ ರಾಜ್ಯದಲ್ಲಿ ಸಂಗೀತವಿಲ್ಲ. ಬರುವ ಭಾನುವಾರ ದೊರೆಯ ಹುಟ್ಟುಹಬ್ಬಕ್ಕೆ ನನ್ನ ಮಗಳು ಸಿಬಿಲ್ಲಾ ಮೊದಲ ಬಾರಿಗೆ ಒಬ್ಬಳೇ ನಿಂತು ಹಾಡಬೇಕಾಗಿದೆ. ಹೋದ ಸಲ ಅವಳ ಸರದಿ ಬಂದಾಗ, ಯಾರೂ ಮುಖ ಕಂಡಿರದ ದೊರೆಯ ದೂರದ ನೆಂಟನೊಬ್ಬ ತೀರಿಕೊಂಡು ಹುಡುಗಿ ಕಪ್ಪು ಬಟ್ಟೆ ತೊಟ್ಟು ಬಾಯಿ ಮುಚ್ಚಿಕೊಂಡಿದ್ದಳು. ಮತ್ತೊಮ್ಮೆ ಅವಳ ಮುಖ ಬಾಡುವುದನ್ನು ನೋಡುವ ಶಕ್ತಿ ನನಗಿಲ್ಲ.

ನಮ್ಮ ಸಂಗೀತಾಧಿಪತಿ ಟ್ರೌಟ್‌ವೈನ್ ಅವರಿಗೆ ಮಾತ್ರ ಚಿಂತೆಯಿಲ್ಲ. ಮದುವೆಯಾದರೇನು, ತಿಥಿಯಾದರೇನು, ಊಟ ಊಟವೇ ಎನ್ನುವ ಪೈಕಿ ಅವರು. ಹುಟ್ಟುಹಬ್ಬದ ಹಾಡಿನ ರಾಗಕ್ಕೇ ಅಂತ್ಯಕ್ರಿಯೆಯ ಮಾತುಗಳನ್ನು ಹೊಂದಿಸಿ ಸಿದ್ಧವಿಟ್ಟಿದ್ದಾರೆ. 'ನೂರ್ಕಾಲ ಬಾಳು' ಎಂದಿದ್ದಲ್ಲಿ ಈಗ 'ನೆಮ್ಮದಿಯಿಂದ ಮಲಗು'. ಆಗ ಹಾಡುವವರು ಚರ್ಚಿನ ಗಂಡಸರು, ನನ್ನ ಮಗಳಲ್ಲ.

ಈ ಸುದ್ದಿ ಕಿವಿಗೆ ಬಿದ್ದು ರಾಜಕುಮಾರಿಯವರು ನಿನ್ನೆ ಸಿಬಿಲ್ಲಾಳನ್ನು ಹಾಸಿಗೆಯ ಬಳಿಗೇ ಕರೆಸಿ, ತಮ್ಮದೇ ಚರಮಗೀತೆಯನ್ನು ಹಾಡಿಸಿಕೊಂಡು ಕೇಳಿದ್ದಕ್ಕೆ, ಅವರ ಎದೆಯಲ್ಲೇ ಇದ್ದ ತಾವೇ ಸಾಕ್ಷಿ. ಕೇಳುತ್ತ ಕೇಳುತ್ತ ಹೊದಿಕೆಯಡಿ ಅವರ ಕಾಲು ತಾಳ ಹಾಕತೊಡಗಿತಂತೆ. "ಅಯ್ಯೋ ಹುಡುಗಿ, ಈ ಹಾಡಿಗೆ ಸಾಯೋಕೆ ಮನಸ್ಸು ಬರಲ್ಲ ಕಣೆ, ಕುಣಿಯೋಣ ಅನ್ಸತ್ತೆ! ಭಾನುವಾರ ನಾನೇ ಬರ್ತೀನಿ, ಮುಂದಿನ ಸಾಲಲ್ಲೇ ಕೂರ್ತೀನಿ" ಎಂದರಂತೆ. ಹಾಡು ಮುಗಿಯುವವರೆಗೆ ತಾವು ಒಮ್ಮೆಯೂ ಸದ್ದು ಮಾಡಲಿಲ್ಲವೆಂದು ಕೇಳಿ ನನ್ನ ಕಣ್ಣು ತುಂಬಿತು.

ಭಾನುವಾರವೂ ಅದೇ ದೊಡ್ಡ ಮನಸ್ಸು ತೋರಬೇಕೆಂದು ಪ್ರಾರ್ಥನೆ. ಮಗಳ ಹಾಡಾದ ಮೇಲೆ ನನ್ನ ಬಸೂನಿನ ಸರದಿ. ಆಗ ಮನಸಾರೆ ಕೆಮ್ಮಿಕೊಳ್ಳಿ, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ತಾವು ತೆಪ್ಪಗಿರುವಷ್ಟು ಕಾಲ ತಮ್ಮ ವಿಶ್ವಾಸಿ,
ಬಾಲ್ತಸಾರ್ ಕ್ವೆರ್‌ಫುರ್ಟ್

ಮರೆತ ಮಾತು: ಬಿಡಾರ ಬದಲಿಸುವ ಮನಸ್ಸಿದ್ದರೆ ಟ್ರೌಟ್‌ವೈನ್ ಅವರ ಎದೆ ವಿಶಾಲವಾಗಿದೆ, ಬೆಚ್ಚಗೂ ಇದೆ. ಅವರು ತೀರಿಕೊಂಡರೆ ಆಸ್ಥಾನದಲ್ಲಿ ಸಂಗೀತ ಒಂದು ಗಳಿಗೆಯೂ ನಿಲ್ಲುವುದಿಲ್ಲ.