ಮಸಿಯಿಲ್ಲದ ಮತದಾನ

ಪೌರತ್ವ ಬದಲಾದಷ್ಟು ಸುಲಭವಾಗಿ ಅಭ್ಯಾಸ ಬದಲಾಗುವುದಿಲ್ಲ. ಈ ಮಾತನ್ನು ನನ್ನ ಎಡಗೈ ತೋರುಬೆರಳಿನ ಸಾಕ್ಷಿಯಾಗಿ ಹೇಳುತ್ತಿದ್ದೇನೆ. ನಾನು ಹುಡುಗನಾಗಿದ್ದಾಗ ಮೈಸೂರಿನ ನಮ್ಮ ಬೀದಿಯ ಹೆಂಗಸರಿಗೆ ಮುನಿಸಿಪಾಲಿಟಿ ಚುನಾವಣೆ ಎಂದರೆ ಹಬ್ಬ. ಒಬ್ಬ ಅಭ್ಯರ್ಥಿಯ ಜಟಕಾದಲ್ಲಿ ಹೋಗಿ, ಇನ್ನೊಬ್ಬನಿಗೆ ವೋಟು ಹಾಕಿ, ಮೂರನೆಯವನ ಕಾಫಿ ಕುಡಿದು ಬರುತ್ತಿದ್ದರು. ಅಮ್ಮನಂತೂ ಬೆರಳಿಗೆ ಹಚ್ಚಿದ ಮಸಿಯನ್ನು ಹೊಸ ಉಂಗುರದ ಹಾಗೆ ಬೀದಿಗೆಲ್ಲ ತೋರಿಸುತ್ತಿದ್ದಳು. ಬಾಡಿಗೆ ಮನೆಯಲ್ಲಿದ್ದ ನಾವೂ ಊರಿನವರೇ ಎಂದು ಹೇಳಿಕೊಳ್ಳಲು ಅವಳಿಗೆ ಅದೊಂದೇ ಗುರುತು. ಅಮ್ಮ ಈಗಿಲ್ಲ. ಆ ಬೆರಳು ಮಾತ್ರ ಇಂದಿಗೂ ಕಣ್ಣ ಮುಂದಿದೆ.

ಎಂಬತ್ತರ ದಶಕ. ನಾನು ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿ, ಸನ್ನಿಬ್ಯಾಂಕ್ ಎಂಬ ಬಡಾವಣೆಯಲ್ಲಿ ಮನೆ ಮಾಡಿ, ಆ ದೇಶದ ಪ್ರಜೆಯೂ ಆಗಿದ್ದೆ. ಆಮೇಲೆ ಬಂದ ಮೊದಲ ಕೌನ್ಸಿಲ್ ಚುನಾವಣೆ ಅದು. ಈ ಊರು ನನ್ನನ್ನೂ ತನ್ನವನೆಂದು ಒಪ್ಪಬೇಕು ಎಂಬುದೊಂದೇ ನನ್ನ ಆಸೆ. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಟೈ ಕಟ್ಟಿಕೊಂಡೆ.

"ಏನ್ರೀ, ವೋಟ್ ಹಾಕಕ್ ಹೋಗ್ತಿದ್ದೀರೋ, ಮದ್ವೆಗೋ?" ಎಂದಳು ಹೆಂಡತಿ ಸರೋಜ.

ಮತಗಟ್ಟೆಯಾಗಿದ್ದ ಶಾಲೆಯಲ್ಲಿ ನೋಡಿದರೆ ಊರಿನ ಜನ ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಬಂದು, ಕೇಕ್ ತಿನ್ನುತ್ತಾ ಹರಟುತ್ತಿದ್ದಾರೆ. ಮೇಜಿನ ಹಿಂದೆ ಕೂತಿದ್ದ ಅಜ್ಜಿ ನನ್ನ ಹೆಸರಿಗೆ ಗೆರೆ ಎಳೆದರು. ನಾನು ಗಂಭೀರವಾಗಿ ತೋರುಬೆರಳು ಚಾಚಿದೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಯ್ಯೋ ಲವ್, ಎಲ್ಲಿ ಕುಯ್ದುಕೊಂಡೆ?" ಎಂದು ಮಗುವನ್ನು ಕರೆದಂತೆ ಕೇಳಿ, ತಮ್ಮ ಚೀಲದಿಂದ ಬ್ಯಾಂಡೇಡ್ ತೆಗೆದು ಅಂಟಿಸಿಯೇಬಿಟ್ಟರು. ನಾನು ಡಾಕ್ಟರು, ಗಾಯವಾಗಿಲ್ಲ ಎನ್ನಬಹುದಿತ್ತು. ಅಷ್ಟು ಅಕ್ಕರೆ ಕಂಡು, ಥ್ಯಾಂಕ್ಸ್ ಹೇಳಿ ಮತಪತ್ರ ತೆಗೆದುಕೊಂಡೆ.

ಹಿಂದೆ ನಿಂತಿದ್ದ ಸರೋಜ ಸೆರಗು ಬಾಯಿಗೆ ಅಡ್ಡ ಹಿಡಿದು, "ಬಿಡಿ, ಏನೋ ಒಂದು ಗುರುತು ಸಿಕ್ತಲ್ಲ!" ಎಂದಳು.

ಗುರುತೇ ಎಂದುಕೊಂಡು ನಾನದನ್ನು ಕೀಳಲಿಲ್ಲ. ಸೋಮವಾರ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು: "ಬೆರಳಿಗೆ ಏನಾಯಿತು, ಡಾಕ್ಟರ್?"

"ವೋಟು ಹಾಕಿದೆ."

"ಅಷ್ಟೊಂದು ನೋವಾಯಿತೇ?"

ನಗಬೇಕೆಂದುಕೊಂಡೆ, ಆಗಲಿಲ್ಲ. ನಮ್ಮ ಬೀದಿಗೆ ಫುಟ್‌ಪಾತ್ ಹಾಕಿಸುತ್ತೇನೆ ಎಂದಿದ್ದ ನನ್ನ ಅಭ್ಯರ್ಥಿ ಸೋತುಹೋಗಿದ್ದ. ನಮ್ಮ ವಾರ್ಡಿನವರಿಗೆ ಬುದ್ಧಿಯೇ ಇಲ್ಲ, ಈ ಕೌನ್ಸಿಲ್ ಇನ್ನು ಉದ್ಧಾರವಾಗುವುದಿಲ್ಲ ಎಂದು ಕೂಗಾಡಿದೆ. ನರ್ಸ್ ಪೂರ್ತಿ ಕೇಳಿಸಿಕೊಂಡು, "ಪ್ರತಿ ಚುನಾವಣೆ ಆದಮೇಲೂ ನಮ್ಮಪ್ಪ ಥೇಟ್ ಹೀಗೇ ಬೈಯುತ್ತಾರೆ" ಎಂದಳು.

ಅವಳಪ್ಪ ಅಲ್ಲೇ ಹುಟ್ಟಿ ಬೆಳೆದ ಅಪ್ಪಟ ಬ್ರಿಸ್ಬೇನಿಗ. ಅಂದಿನಿಂದ ನಾನು ಯಾರು ಗೆದ್ದರೂ ಬೈಯುವುದನ್ನು ತಪ್ಪಿಸಿಲ್ಲ.